ಮುದಕಪ್ಪನ ಸೋಮವಾರ

ನಮ್ಮ ಕಡೆ ಒಬ್ಬನೇ ಕೂತು ಉಣ್ಣುವವನನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಮನೆಯಲ್ಲಿ ಏನೋ ಜಗಳವಾಗಿರಬೇಕು, ಇಲ್ಲವೇ ತಟ್ಟೆಯಲ್ಲಿ ಏನೋ ವಿಶೇಷ ಇರಬೇಕು ಎಂದು ಅವರ ಲೆಕ್ಕ. ಅದಕ್ಕೇ ಕೂಡ್ಲಿಗಿಯ ಯಾವ ಓಣಿಯಲ್ಲಾದರೂ ಸರಿ, ಬಾಗಿಲು ತೆರೆದಿಟ್ಟು ಉಣ್ಣುತ್ತಿದ್ದರೆ ಹಾದು ಹೋಗುವವರನ್ನು "ಬರ್ರಿ, ಊಟಾ ಮಾಡೋಣು" ಎಂದು ಕರೆಯಲೇಬೇಕು. ಅವರು "ನೀವು ಮಾಡ್ರಿ, ನಮ್ದು ಈಗರ ಆತು" ಎಂದು ಹೊಟ್ಟೆ ಸವರಿಕೊಂಡು ಮುಂದೆ ಹೋಗಲೇಬೇಕು. ಅವರು ಬರುವುದಿಲ್ಲವೆಂದು ಕರೆದವನಿಗೂ ಗೊತ್ತು, ಒಳಗೆ ಇಬ್ಬರಿಗಾಗುವಷ್ಟು ಇಲ್ಲವೆಂದು ಹೋದವನಿಗೂ ಗೊತ್ತು. ಆದರೂ ಕರೆಯದೆ ಉಂಡರೆ ತುತ್ತು ಗಂಟಲಿಗಿಳಿಯುವುದಿಲ್ಲ. ನಾನೂ ಬುದ್ಧಿ ತಿಳಿದಾಗಿನಿಂದ ಊರವರನ್ನೆಲ್ಲ ಹೀಗೇ ಕರೆಯುತ್ತ ಬಂದವನು. ಇಷ್ಟು ವರ್ಷದಲ್ಲಿ ನನ್ನ ಕರೆಯನ್ನು ನಿಜವೆಂದು ನಂಬಿ, ಬಂದು, ಎದುರಿಗೆ ಕೂತವನು ಒಬ್ಬನೇ. ಅವನು ನಾಯಿ.

ನಾಯಿಯ ವಿಷಯಕ್ಕೆ ಹೋಗುವ ಮೊದಲು ನನ್ನ ಬಗ್ಗೆ ಒಂದೆರಡು ಮಾತು. ನಾನು ಇಲ್ಲಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಮೈಕಿನಲ್ಲಿ "ಕೊಟ್ಟೂರು, ಹರಪನಹಳ್ಳಿ ಕಡೆಗೆ ಹೋಗುವ ಪ್ರಯಾಣಿಕರು" ಎಂದು ಮೂಗಿನಿಂದ ಹೊರಡುವ ದನಿ ನನ್ನದೇ. ಹೆಸರು ಮಾತ್ರ ದೊಡ್ಡದು. ನಮ್ಮ ಭಾಗದಲ್ಲಿ ಬಸ್ಸುಗಳನ್ನು ನಿಜವಾಗಿ ಕಂಟ್ರೋಲ್ ಮಾಡುವುದು ಕುರಿಗಳು. ಹಿಂಡು ರಸ್ತೆಗಿಳಿಯಿತೆಂದರೆ ಎಂಥ ಎಕ್ಸ್‌ಪ್ರೆಸ್ ಬಸ್ಸೂ ಕೊನೆಯ ಮರಿ ದಾಟುವವರೆಗೆ ನಿಲ್ಲಬೇಕು. ಮನೆಯ ಕಂಟ್ರೋಲು ನನ್ನ ಹೆಂಡತಿ ಶಾಂತಳದು. ಇವೆರಡರ ನಡುವೆ ನನ್ನ ಪಾಲಿಗೆ ಉಳಿದದ್ದು ಒಂದು ಮೈಕು ಮತ್ತು ಘಳಿಗೆಗೊಮ್ಮೆ ಗಡಿಯಾರ ನೋಡುವ ಚಟ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕೋಗಳಿ ಕಡೆಯ ಕುರಿಗಾರನೊಬ್ಬ ಕಂಬಳಿಯೊಳಗೆ ಏನನ್ನೋ ಮುಚ್ಚಿಕೊಂಡು ಬಸ್ಸು ಹತ್ತಿದ. ಕಂಬಳಿ ಕುಂಯ್ ಎಂದಿತು. ಕಂಡಕ್ಟರ್ ಇಬ್ಬರನ್ನೂ ಇಳಿಸಿದ. ಕುರಿಗಾರ ಸೀದಾ ನನ್ನ ಕಿಟಕಿಗೆ ಬಂದು ಕಂಬಳಿ ಬಿಚ್ಚಿ, "ಸಾಹೇಬ್ರ, ಇದನ್ನ ನೀವ ಇಟ್ಕಳ್ರಿ. ಭಾಳ ಮರ್ಯಾದಸ್ತ ನಾಯಿ. ಇದ್ರವ್ವ ನಾವು ಉಣ್ಣಾಕ ಕುಂದ್ರೋತನಕ ಬಾಯಿ ಹಾಕಂಗಿಲ್ಲ ನೋಡ್ರಿ" ಎಂದ. ಅವನು ಹೇಳಿದ ಆ ಕೊನೆಯ ಮಾತನ್ನು ನಾನು ಹೊಗಳಿಕೆ ಎಂದು ತಿಳಿದೆ. ಅದು ಎಚ್ಚರಿಕೆ ಎಂದು ಆಮೇಲೆ ಗೊತ್ತಾಯಿತು. ಮರಿಯ ಹಣೆಯ ತುಂಬ ಸುಕ್ಕು ಇತ್ತು, ನ್ಯಾಯ ಹೇಳಲು ಕೂತ ಊರಹಿರಿಯನ ಮುಖ. ಮುದಕಪ್ಪ ಎಂದು ಹೆಸರಿಟ್ಟು ಮನೆಗೆ ತಂದೆ.

ಆಗ ಮನೆಯಲ್ಲಿ ನಾನೊಬ್ಬನೇ. ಹಡಗಲಿಗೆ ಕೊಟ್ಟ ನಮ್ಮ ಒಬ್ಬಳೇ ಮಗಳು ರೇಣುಕಾಳ ಮೊದಲ ಬಸಿರು ನಿಲ್ಲದೆ ಹೋಗಿತ್ತು. ಶಾಂತಾ ಅವಳನ್ನು ನೋಡಿಕೊಳ್ಳಲು ಹೋದವಳು ಬಹಳ ದಿನ ಅಲ್ಲೇ ಉಳಿದಳು. ಪಕ್ಕದ ಮನೆಯ ಕೊಟ್ರಮ್ಮಕ್ಕ ದಿನಾ ರೊಟ್ಟಿ ತಂದುಕೊಡುತ್ತಿದ್ದಳು. ತಿನ್ನುವಾಗ ಮನೆ ಬಣಬಣ ಎನ್ನುತ್ತಿತ್ತು. ಹಾದುಹೋಗುವವರು ಯಾರೂ ಇಲ್ಲದಾಗ ನಾನು ಅಭ್ಯಾಸಬಲದಿಂದ ಮರಿಯನ್ನೇ "ಬಾರಪಾ, ಊಟಾ ಮಾಡೋಣು" ಎಂದು ಕರೆದೆ. ಅದು ಬಂದು ಎದುರಿಗೆ ಕೂತಿತು. ಅಂದಿನಿಂದ ಹಿಡಿದು ಇಂದಿನವರೆಗೆ ಅದು ಒಬ್ಬಂಟಿಯಾಗಿ ಒಂದು ತುತ್ತೂ ತಿಂದಿಲ್ಲ.

ಅದರ ನಿಯಮಗಳು ಕಟ್ಟುನಿಟ್ಟು. ನನ್ನ ತಟ್ಟೆ ಮತ್ತು ಅದರ ತಟ್ಟೆ ಎದುರುಬದುರು ಇರಬೇಕು. ಮೊದಲ ತುತ್ತು ನನ್ನದು. ತುತ್ತು ಬಾಯಿಗೆ ಹೋದರೆ ಸಾಲದು, ಗಂಟಲಲ್ಲಿ ಇಳಿಯಬೇಕು, ಮುದಕಪ್ಪ ನೋಡುವುದು ಅಲ್ಲಿಗೇ. ಇಳಿದದ್ದು ಖಾತ್ರಿಯಾದ ಮೇಲೆ ಅದು ಬಾಯಿ ಹಾಕುತ್ತದೆ. ನಡುವೆ ನಾನು ಉಪ್ಪಿನಕಾಯಿಗೆಂದು ಕೈ ಚಾಚಿದರೆ ಅದೂ ತಲೆ ಎತ್ತಿ ಕಾಯುತ್ತದೆ. ಫೋನಿನಲ್ಲಿ ಮಾತಿಗೆ ತೊಡಗಿದರೆ ಊಟ ಸ್ಥಗಿತ. ಎದ್ದೆನೋ, ಅಲ್ಲಿಗೆ ಮುಗಿಯಿತು, ಎಷ್ಟೇ ಉಳಿದಿದ್ದರೂ ಅದು ತಟ್ಟೆಯಿಂದ ದೂರ ಸರಿದು ಕೂರುತ್ತದೆ. ಅದರ ಹೊಟ್ಟೆ ತುಂಬಲೆಂದು ನಾನು ಬೇಡವಾದ ರೊಟ್ಟಿಯನ್ನೂ ಹಾಕಿಸಿಕೊಂಡು ಕೂತೆ. ಹೀಗೆ ಬೆಳೆದ ನನ್ನ ಹೊಟ್ಟೆಗೆ ನಾಯಿಯೇ ಕಾರಣ ಎಂದರೆ ನಿಲ್ದಾಣದಲ್ಲಿ ಯಾರೂ ನಂಬುವುದಿಲ್ಲ. ಶಾಂತಾ ವಾಪಸು ಬಂದ ಮೇಲೆ, ತಾನೇನು ಕಮ್ಮಿ ಎಂದು ಒಂದು ದಿನ ಅದರೆದುರು ಉಣ್ಣಲು ಕೂತಳು. ಮುದಕಪ್ಪ ಗೌರವದಿಂದಲೇ ಗೋಡೆ ಕಡೆ ತಿರುಗಿತು. "ರೊಟ್ಟಿ ಬಡಿಯೋಕಿ ನಾನು, ಜೋಡಿ ಕುಂದ್ರಾಕ ಮಾತ್ರ ನೀವು ಬೇಕು ಇದಕ್ಕ!" ಎಂದು ಅವಳು ಎರಡು ದಿನ ನಮ್ಮಿಬ್ಬರೊಂದಿಗೂ ಮಾತು ಬಿಟ್ಟಳು.

ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು. ಹೋದ ವರ್ಷ ರೇಣುಕಾ ಮತ್ತೆ ಬಸುರಾದಳು. ಸಂತೋಷಪಡಬೇಕಾದ ಸುದ್ದಿಯನ್ನು ನಾವು ಮನೆಯೊಳಗೂ ಪಿಸುಮಾತಿನಲ್ಲಿ ಹೇಳಿಕೊಂಡೆವು. ಡಾಕ್ಟರು ಅವಳಿಗೆ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಶಾಂತಾ ಅಂದೇ ದೇವರ ಮುಂದೆ ನಿಂತು, ಮಗಳು ಹೆರುವ ತನಕ ಪ್ರತಿ ಸೋಮವಾರ ದೀಪ ಹಚ್ಚುವವರೆಗೆ ಒಂದು ಅಗುಳೂ ಮುಟ್ಟದೆ ಉಪವಾಸ ಎಂದು ಹರಕೆ ಹೊತ್ತಳು. ಹೊತ್ತವಳು ಅವಳು, ಇರಬೇಕಾದವನು ನಾನು. ಅವಳಿಗೆ ಶುಗರ್ ಇದೆ, ಹಸಿದಿದ್ದರೆ ತಲೆ ತಿರುಗುತ್ತದೆ. "ದೇವ್ರಿಗೆ ಮನಿಯಿಂದ ಒಬ್ರು ಇದ್ರ ಸಾಕ್ರಿ. ನೀವು ಹೆಂಗೂ ನಾಲ್ಕು ಮಂದಿದು ಉಂಡೀರಿ, ಒಂದಿನ ಬಿಟ್ರ ಏನಾತು?" ಎಂದಳು. ನಾನು ಹರಕೆ ಗಿರಕೆ ಎಂದರೆ ಹಿಂದೆ ನಗುತ್ತಿದ್ದವನು. ಆದರೆ ಫೋನಿನಲ್ಲಿ ಮಗಳು ಸಣ್ಣ ದನಿಯಲ್ಲಿ "ಅಪ್ಪಾ, ಇವತ್ತು ಹೊಟ್ಟಿ ಸ್ವಲ್ಪ ಜಗ್ಗಿದಂಗಾತು" ಎಂದರೆ ಸಾಕು, ಒಂಟಿಕಾಲಲ್ಲಿ ನಿಲ್ಲು ಎಂದಿದ್ದರೂ ನಿಲ್ಲುತ್ತಿದ್ದೆ. ಒಪ್ಪಿಕೊಂಡೆ. ಚಹಾ ಊಟದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಒಂದೇ ತಕರಾರು ಎತ್ತಿದೆ. ಓಣಿಯಲ್ಲಿ ಇಂಥದ್ದಕ್ಕೆಲ್ಲ ಕೊನೆಯ ತೀರ್ಪು ಕೊಟ್ರಮ್ಮಕ್ಕನದು. ಆಕೆ ಬಹಳ ಯೋಚಿಸಿ, "ಚಾ ನೀರಿನ ಲೆಕ್ಕ ತಮ್ಮಾ. ಅದ್ರಾಗ ಬಿಸ್ಕೀಟು ಅದ್ದಿದ್ಯೋ, ಊಟದ ಲೆಕ್ಕ" ಎಂದಳು.

ಮೊದಲ ಸೋಮವಾರ ನಾನು ಉಣ್ಣಲಿಲ್ಲ, ಆದ್ದರಿಂದ ಮುದಕಪ್ಪನೂ ಉಣ್ಣಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಗಬಗಬ ತಿಂದೆವು. ಎರಡನೆಯ ಸೋಮವಾರವೂ ಹಾಗೇ. ಮೂರನೆಯದಕ್ಕೆ ಕೊಟ್ರಮ್ಮಕ್ಕ ಗೋಡೆಯಾಚೆಯಿಂದ ಎಸೆದ ರೊಟ್ಟಿ ಸಂಜೆವರೆಗೂ ಅಂಗಳದಲ್ಲಿ ಬಿದ್ದಿದ್ದನ್ನು ಆಕೆ ಕಂಡಳು. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ನೀರಿಗೆ ನಿಂತವರಿಗೆಲ್ಲ ಸುದ್ದಿ ಗೊತ್ತಾಗಿತ್ತು. "ಕಂಟ್ರೋಲರ ಮನಿ ನಾಯಿ ಸೋಮವಾರ ಹಿಡಿದೈತಂತ!" ಅಲ್ಲಿಂದಾಚೆಗೆ ಸೋಮವಾರ ಬಂತೆಂದರೆ ನಮ್ಮ ಗೇಟಿನ ಹತ್ತಿರ ಹೆಂಗಸರು ಬರತೊಡಗಿದರು. ಮುದಕಪ್ಪನ ಸುಕ್ಕು ಹಣೆಗೆ ವಿಭೂತಿ ಬಿತ್ತು. ಯಾರೋ ಒಂದು ತೆಂಗಿನಕಾಯಿ ಇಟ್ಟು ಹೋದರು. ಕಂಡಕ್ಟರುಗಳು ಸುದ್ದಿಯನ್ನು ಬಸ್ಸಿನೊಂದಿಗೆ ಒಯ್ದರು. ಹಡಗಲಿಯಿಂದ ಬೀಗರು ಫೋನು ಮಾಡಿ, "ಬೀಗರ, ಸೊಸಿ ಸಲುವಾಗಿ ನಿಮ್ಮ ನಾಯಿನೂ ಉಪಾಸ ಐತಂತಲ್ರಿ! ಎಂಥಾ ಋಣಾನುಬಂಧ ಇದು!" ಎಂದು ಗದ್ಗದಿತರಾದರು. ನಾನು ಉಪವಾಸ ಇರುವ ಬಗ್ಗೆ ಅವರು ಏನೂ ಕೇಳಲಿಲ್ಲ. ಒಮ್ಮೆ ತಡೆಯಲಾರದೆ ಕೊಟ್ರಮ್ಮಕ್ಕನಿಗೆ, "ಅಕ್ಕಾ, ನಾನು ಉಣ್ಣಂಗಿಲ್ಲ, ಅದಕ್ಕ ಅದೂ ಉಣ್ಣಂಗಿಲ್ಲ, ಇಷ್ಟ ವಿಷಯ" ಎಂದೆ. ಆಕೆ ನನ್ನನ್ನು ಮರುಕದಿಂದ ನೋಡಿ, "ನಾಯಿ ಮ್ಯಾಲೆ ಹೊಟ್ಟಿಕಿಚ್ಚು ಪಡಬಾರ್ದು ತಮ್ಮಾ" ಎಂದಳು.

ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ನನಗಿದ್ದದ್ದು ಭಯ. ಮನೆಯಲ್ಲಿ ಇಂಥದೊಂದು ಪ್ರಾಣಿ ಇರುವಾಗ ಹೊರಗೆಲ್ಲೂ ಕದ್ದು ತಿನ್ನುವಂತಿಲ್ಲ. ಒಂದು ಸೋಮವಾರ ಪ್ರಯಾಣಿಕರೊಬ್ಬರು ಬಿಟ್ಟುಹೋದ ಮಿರ್ಚಿ ಮಂಡಕ್ಕಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಹೊರಟಿದ್ದ ಬಸ್ಸಿನ ಹಿಂದೆ ಓಡಿ ಕೊಟ್ಟುಬಂದೆ. ಅಷ್ಟೇ. ಮನೆಗೆ ಬಂದರೆ ಮುದಕಪ್ಪ ನನ್ನ ಬೆರಳು ಮೂಸಿ, ಬಾಲ ಬಡಿದು, ಓಡಿಹೋಗಿ ತನ್ನ ತಟ್ಟೆಯ ಮುಂದೆ ಕೂತು ಬೊಗಳಿತು. ಶಾಂತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡುವವರೆಗೆ ನನ್ನನ್ನು ಬಿಡಲಿಲ್ಲ. ಆಣೆ ಮಾಡಿದ ಮೇಲೂ ಅವಳ ನಂಬಿಕೆ ನಾಯಿಯ ಕಡೆಗೇ ವಾಲಿದಂತಿತ್ತು.

ಹೀಗೆ ತಿಂಗಳುಗಳು ಸರಿದವು. ಹೆರಿಗೆಗೆ ಇನ್ನೇನು ಎರಡು ಮೂರು ವಾರ ಎನ್ನುವಾಗ ಮುದಕಪ್ಪ ಒಂದು ಶನಿವಾರ ಮಲಗಿದಲ್ಲಿಂದ ಏಳಲಿಲ್ಲ. ಮೈ ಕೆಂಡವಾಗಿತ್ತು. ಹೊಸಹಳ್ಳಿಯ ದನದ ಡಾಕ್ಟರನ್ನು ಕರೆಸಿದೆ. ದಿನವಿಡೀ ಕುರಿಗಳ ನಡುವೆ ಇರುವ ಮನುಷ್ಯ ಅವರು, ನಾಯಿಗಾಗಿ ಒಬ್ಬರು ಇಷ್ಟು ಗಾಬರಿಯಾಗುವುದನ್ನು ಕಂಡು ಅವರಿಗೂ ಆಶ್ಚರ್ಯ. ಉಣ್ಣೆಹುಳ ಕಡಿದು ಬಂದ ಜ್ವರ ಎಂದು ಹೇಳಿ, ಸೂಜಿ ಹಾಕಿ, ಗುಳಿಗೆ ಕೊಟ್ಟರು. "ಹೊಟ್ಟಿಗೆ ಏನಾರ ಹಾಕಿ ಆಮ್ಯಾಲೆ ಗುಳಿಗಿ ಹಾಕ್ರಿ. ಖಾಲಿ ಹೊಟ್ಟಿಗೆ ಹಾಕಿದ್ರ ಕಾರ್ತೈತಿ" ಎಂದರು. ಅಂದು ರಾತ್ರಿ ನಾನು ಅದರ ಪಕ್ಕದಲ್ಲೇ ಕೂತು ಉಂಡೆ. ಅದೂ ನಾಲ್ಕು ತುತ್ತು ತಿಂದು ಗುಳಿಗೆ ನುಂಗಿತು. ಭಾನುವಾರ ಬೆಳಿಗ್ಗೆ ಹಡಗಲಿಯಿಂದ ಫೋನು ಬಂತು. ದಿನ ತುಂಬುವ ಮೊದಲೇ ರೇಣುಕಾಳಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ನಾನೂ ಶಾಂತಳೂ ಸಿಕ್ಕ ಬಸ್ಸು ಹಿಡಿದು ಓಡಿದೆವು. ಹಾಸಿಗೆಯ ಮೇಲೆ ಮಗಳ ಮುಖ ಬಿಳಿಚಿಕೊಂಡಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಅಲ್ಲಿ ಗಂಡಸರಿಗೆ ಕೆಲಸವಿಲ್ಲ, ಮನೆಯಲ್ಲಿ ನಾಯಿ ಒಂದೇ ಇದೆ ಎಂದು ಶಾಂತಾ ಸಂಜೆ ನನ್ನನ್ನು ಹಿಂದಕ್ಕೆ ಕಳಿಸಿದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನಾಳಿ ಸೋಮವಾರ ರೀ. ನೆಪ್ಪಿರ್ಲಿ. ನಾಳಿ ಒಂದಿನ ಹೆಂಗಾರ ಕಾಯ್ರಿ" ಎಂದಳು.

ಆ ರಾತ್ರಿ ತಟ್ಟೆಯ ಮುಂದೆ ಕೂತೆನಾದರೂ ಮೊದಲ ತುತ್ತು ಬಾಯಿಯಲ್ಲೇ ತಿರುಗುತ್ತ ಉಳಿಯಿತು. ಮುದಕಪ್ಪ ಮಲಗಿದಲ್ಲಿಂದಲೇ ನನ್ನ ಗಂಟಲನ್ನು ನೋಡಿತು, ಏನೂ ಇಳಿಯದ್ದನ್ನು ಕಂಡು ಕಣ್ಣು ಮುಚ್ಚಿತು. ಸೋಮವಾರ ಬೆಳಿಗ್ಗೆ ಡಾಕ್ಟರು ಬೈಕಿನಲ್ಲಿ ಬಂದು ಅದರ ಒಸಡು ಬಿಡಿಸಿ ನೋಡಿ ಮುಖ ಗಂಟಿಕ್ಕಿದರು. ಬಾಟಲಿಯಿಂದ ಹಾಲು ಹೊಯ್ದು ನೋಡಿದರು, ಹಾಲು ಬಾಯಿಯ ಅಂಚಿನಿಂದ ಹಾಗೇ ಹೊರಗೆ ಹರಿಯಿತು. "ಮಧ್ಯಾಹ್ನದೊಳಗ ಹೊಟ್ಟಿಗೆ ಬಿದ್ದು ಗುಳಿಗಿ ಹೋಗಬೇಕ್ರಿ. ಇಲ್ಲಾಂದ್ರ ಇದು ನನ್ನ ಕೈಯಾಗ ಉಳಿಯಂಗಿಲ್ಲ" ಎಂದರು.

"ಆದ್ರ ಇವತ್ತು ನಾನು ಉಣ್ಣಂಗಿಲ್ಲಲ್ರಿ ಡಾಕ್ಟ್ರ" ಎಂದೆ.

"ನಿಮಗ್ಯಾರು ಉಣ್ರಿ ಅಂದ್ರು? ನಾಯಿಗಿ ಹಾಕ್ರಿ ಅಂದೆ ನಾನು" ಎಂದು ಅವರು ನನ್ನ ಹಣೆಯನ್ನೂ ಒಮ್ಮೆ ಮುಟ್ಟಿ ನೋಡಿ ಹೋದರು.

ನಾನು ಬಾಗಿಲು ಮುಂದೆ ಮಾಡಿ ಕೂತು ನಾಟಕ ಶುರು ಮಾಡಿದೆ. ತಟ್ಟೆಯಲ್ಲಿ ರೊಟ್ಟಿ ಇಟ್ಟುಕೊಂಡು, ಮುರಿದು, ಬಾಯಿಯ ಹತ್ತಿರ ಒಯ್ದು, ದವಡೆ ಆಡಿಸಿದೆ. ಚಪ್ಪರಿಸಿದೆ. ತೇಗಿದೆ ಕೂಡ. ಬರೀ ಉಗುಳು ನುಂಗಿ ಗಂಟಲನ್ನೂ ಏರಿಸಿ ಇಳಿಸಿದೆ. ಮುದಕಪ್ಪ ತಲೆ ಎತ್ತಿ, ಕೆಳಗಿಟ್ಟ ನನ್ನ ರೊಟ್ಟಿಯ ಚೂರನ್ನು ನೋಡಿ, ನನ್ನನ್ನು ನೋಡಿ, ಮತ್ತೆ ತಲೆ ಇಳಿಸಿತು. ಅದಕ್ಕೆ ಮೋಸ ಮಾಡಲು ಹೊರಟ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬಾಗಿಲು ತೆರೆದು ಗೋಡೆಯಾಚೆ ಕೊಟ್ರಮ್ಮಕ್ಕನನ್ನು ಕೂಗಿ, ಬಂದು ಅದರ ಮುಂದೆ ಸ್ವಲ್ಪ ಉಣ್ಣು ಎಂದು ಬೇಡಿಕೊಂಡೆ. "ಸೋಮವಾರ ಹಿಡಿದ ನಾಯಿಗಿ ಉಣ್ಣಿಸಾಕ ಕರಿತೀಯಲ್ಲೋ! ನಿನಗ ಪಾಪ ಪುಣ್ಯ ಏನಾರ ಐತೇನು?" ಎಂದು ಆಕೆ ಸೆರಗು ಕೊಡವಿಕೊಂಡು ಹೋದಳು.

ಶಾಂತಳಿಗೆ ಫೋನು ಮಾಡಿದೆ. ಹಿಂದೆ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು. ನಾಯಿಯ ಸ್ಥಿತಿ ಹೇಳಿ ಅವಳನ್ನು ಇನ್ನಷ್ಟು ಹೆದರಿಸುವುದು ಬೇಡವೆಂದು, ಸುತ್ತಿ ಬಳಸಿ, "ಅಲ್ಲಾ, ಒಂದು ಲೋಟ ಹಾಲು ಕುಡಿದ್ರ ಉಪಾಸ ಕೆಡ್ತೈತೇನು?" ಎಂದು ಕೇಳಿದೆ. "ಹುಡುಗಿ ಒಳಗ ಒದ್ದಾಡಾಕತ್ತಾಳ. ಡಾಕ್ಟ್ರು ಏನೂ ಹೇಳವಲ್ರು. ನಿಮಗ ಹಾಲಿನ ಚಿಂತಿ ಹತ್ತೈತೇನ್ರಿ?" ಎಂದು ಫೋನು ಇಟ್ಟುಬಿಟ್ಟಳು.

ಅಂಗಳದಲ್ಲಿ ಬಿಸಿಲು ಏರುತ್ತಿತ್ತು. ಮುದಕಪ್ಪನ ಪಕ್ಕೆ ಏರಿಳಿಯುವುದು ಕಷ್ಟಪಟ್ಟು ನೋಡಿದರೆ ಮಾತ್ರ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತು, ನಗುತ್ತೀರೋ ಏನೋ, ಅತ್ತೆ. ನನ್ನಂಥ ಅರೆನಂಬಿಕೆಯ ಮನುಷ್ಯನ ಪಾಡು ಯಾರಿಗೂ ಬೇಡ. ಪೂರ್ತಿ ನಂಬಿದವನಾಗಿದ್ದರೆ ನಾಯಿಯನ್ನು ದೇವರ ಮೇಲೆ ಬಿಡುತ್ತಿದ್ದೆ. ನಂಬದವನಾಗಿದ್ದರೆ ಬೆಳಿಗ್ಗೆಯೇ ಎರಡು ರೊಟ್ಟಿ ಬಾರಿಸುತ್ತಿದ್ದೆ. ಈ ತುತ್ತಿಗೂ ಆ ಹೆರಿಗೆಗೂ ಏನೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಸಂಬಂಧವಿದ್ದರೆ ಏನು ಮಾಡುತ್ತೀ ಎಂದು ಹೊಟ್ಟೆಯೊಳಗಿಂದ ಇನ್ನೊಂದು ಕೇಳುತ್ತಿತ್ತು. ಮಗಳ ಹೆರಿಗೆಯ ದಿನ ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾವ ತಂದೆಗಿರುತ್ತದೆ? ಅಷ್ಟರಲ್ಲಿ ಮುದಕಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿತು. ಅದರಲ್ಲಿ ದೂರು ಇರಲಿಲ್ಲ. ನೀನು ಉಣ್ಣದಿದ್ದರೆ ನನಗೂ ಬೇಡ ಎನ್ನುವ ಅದೇ ಹಳೆಯ ನೋಟ. ಇಷ್ಟು ದಿನ ನನ್ನ ಜೊತೆ ಹಸಿದಿದ್ದ ಜೀವ ಅದು, ಯಾವ ಹರಕೆಯ ಗೊಡವೆಯೂ ಇಲ್ಲದೆ.

ನಾನು ಎದ್ದು ಹಾಲು ಬಿಸಿ ಮಾಡಿ, ಅದರ ತಟ್ಟೆಯಲ್ಲಿ ರೊಟ್ಟಿ ಕಿವುಚಿ ಹಾಕಿದೆ. ನನ್ನ ತಟ್ಟೆಗೆ ರೊಟ್ಟಿ, ಶೇಂಗಾ ಚಟ್ನಿ. ದೇವರ ಮೂಲೆಯ ಕಡೆ ನೋಡಿ, "ಏನಿದ್ರೂ ನನ್ನ ಮ್ಯಾಲೆ ಇರ್ಲಿ, ಹುಡುಗಿ ಮ್ಯಾಲೆ ಬ್ಯಾಡ" ಎಂದು ಗಟ್ಟಿಯಾಗಿಯೇ ಹೇಳಿ ಮೊದಲ ತುತ್ತು ನುಂಗಿದೆ. ಓಣಿಯ ಮೂಲೆಯಲ್ಲಿ ಹರಪನಹಳ್ಳಿ ಬಸ್ಸು ಹಾರ್ನ್ ಹೊಡೆದು ತಿರುಗಿತು. ಎಷ್ಟೇ ಸಂಕಟದಲ್ಲಿದ್ದರೂ ನನ್ನ ಕಣ್ಣು ಗಡಿಯಾರಕ್ಕೆ ಹೋಯಿತು. ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು. ಬೆಳಗಿನ ನಾಟಕ ನೋಡಿದ ಮುದಕಪ್ಪ ಒಂದು ತುತ್ತಿಗೆ ನಂಬಲಿಲ್ಲ. ಒಂದಿಡೀ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವವರೆಗೆ ಕಾದಿತು. ಎರಡನೆಯದನ್ನು ಅರ್ಧ ಮುಗಿಸಿದಾಗ ಕತ್ತು ಚಾಚಿ, ತಟ್ಟೆಯ ಅಂಚಿಗೆ ನಾಲಿಗೆ ಹಾಕಿತು.

ಅದೇ ಹೊತ್ತಿಗೆ ಗೇಟು ಕಿರ್ರ್ ಎಂದಿತು. ವಿಭೂತಿ ಬಟ್ಟಲು ಹಿಡಿದ ನಾಲ್ಕೈದು ಹೆಂಗಸರು, ಮುಂದೆ ಕೊಟ್ರಮ್ಮಕ್ಕ. ಸೋಮವಾರದ ದರ್ಶನಕ್ಕೆ ಬಂದವರು ಅಂಗಳದಲ್ಲೇ ಕಲ್ಲಾಗಿ ನಿಂತರು. ಕಂಟ್ರೋಲರು ಉಣ್ಣುತ್ತಿದ್ದಾರೆ, ನಾಯಿ ಉಣ್ಣುತ್ತಿದೆ. ಕೊಟ್ರಮ್ಮಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಏನಾದರೂ ಹೇಳೋಣವೆಂದರೆ ನಾನು ನಿಲ್ಲಿಸುವಂತಿಲ್ಲ. ನಾನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತದೆ, ಗುಳಿಗೆ ಇರುವುದು ತಳದ ತುತ್ತಿನಲ್ಲಿ. ಅವರೆಲ್ಲರ ಮುಖ ನೋಡುತ್ತಲೇ ಅಗಿಯುತ್ತ ಕೂತೆ.

ಆಗ ಫೋನು ಬಡಿಯತೊಡಗಿತು. ಪಕ್ಕದಲ್ಲೇ ಇತ್ತು. ಪರದೆಯ ಮೇಲೆ ಶಾಂತಳ ಹೆಸರು. ಮುದಕಪ್ಪ ತಲೆ ಎತ್ತಿ ನನ್ನನ್ನು ನೋಡಿತು. ನಾನು ಫೋನಿನ ಕಡೆ ಕೈ ಚಾಚಿದರೆ ಅದರ ಊಟ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕೈಯನ್ನು ಮತ್ತೆ ರೊಟ್ಟಿಗೇ ಒಯ್ದೆ. ಫೋನು ಬಡಿದು ಬಡಿದು ನಿಂತಿತು. ಮತ್ತೆ ಶುರುವಾಯಿತು. "ಏ ತಮ್ಮಾ, ಶಾಂತವ್ವಂದಲ್ಲೇನು? ಎತ್ತೋ! ಹುಡುಗಿ ಆಸ್ಪತ್ರ್ಯಾಗ ಅದಾಳ!" ಎಂದು ಕೊಟ್ರಮ್ಮಕ್ಕ ಕೂಗಿದಳು. ನನ್ನ ಕಣ್ಣಿಂದ ನೀರು ಇಳಿದು ಚಟ್ನಿಗೆ ಬೀಳುತ್ತಿತ್ತು. ಆ ಫೋನಿನೊಳಗೆ ಏನಿದೆಯೋ, ಕೇಳಿದ ಮೇಲೆ ನನ್ನಿಂದ ಇನ್ನೊಂದು ತುತ್ತು ನುಂಗಲಾದೀತೋ ಇಲ್ಲವೋ ಎಂಬುದೇ ನನ್ನ ಹೆದರಿಕೆ. ಮುದಕಪ್ಪ ನಿಧಾನವಾಗಿ, ಅತಿಥಿಯ ಮರ್ಯಾದೆ ಬಿಡದೆ, ತಟ್ಟೆಯ ತಳ ನೆಕ್ಕಿತು. ಗುಳಿಗೆ ಹೋಯಿತು. ನಾನು ಎಂಜಲು ಕೈಯಲ್ಲೇ ಫೋನು ಎತ್ತಿದೆ.

"ಎಲ್ಲಿ ಸತ್ತಿದ್ರಿ?" ಎಂದು ಶಾಂತಾ ಅಳುತ್ತ ಬೈದಳು. "ಹೆಣ್ಣು ಕೂಸು ರೀ. ಈಗ ಒಂದೈದು ನಿಮಿಷ ಆತು. ರೇಣಿ ಚಲೋ ಅದಾಳ. ಕೂಸು ಎಷ್ಟು ಗಟ್ಟಿ ಅಳ್ತೈತಿ ಕೇಳ್ರಿ." ಫೋನನ್ನು ಎತ್ತ ಹಿಡಿದಳೋ, ಕೂಸಿನ ಕೀರಲು ದನಿ ಕೇಳಿಸಿತು. ನಾನು ಅಂಗಳದಲ್ಲಿ ನಿಂತವರಿಗೆ ಸುದ್ದಿ ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷ ಮೈಕಿನಲ್ಲಿ ಕೂಗಿದ ದನಿಯಲ್ಲೇ "ಹೆಣ್ಣು ಕೂಸು! ಐದು ನಿಮಿಷ ಆತಂತ!" ಎಂದು ಕೂಗಿದೆ. ಅಳುತ್ತಲೇ ನಕ್ಕೆ.

ಕೊಟ್ರಮ್ಮಕ್ಕನಿಗೆ ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೂಸು ಹುಟ್ಟಿ ಐದು ನಿಮಿಷ. ಮುದಕಪ್ಪ ಬಾಯಿ ಹಾಕಿದ್ದನ್ನು ತಾನು ಕಣ್ಣಾರೆ ನೋಡಿದ್ದೂ ಹತ್ತಿರ ಹತ್ತಿರ ಅಷ್ಟೇ ಹೊತ್ತಿನ ಹಿಂದೆ. "ನೋಡ್ರವ್ವಾ! ಅಲ್ಲಿ ಕೂಸು ನೆಲಕ್ಕ ಬಿದ್ದೈತಿ, ಇಲ್ಲಿ ಇದು ಉಪಾಸ ಬಿಟ್ಟೈತಿ. ಫೋನ್ ಬರೂಕಿಂತ ಮೊದ್ಲ ಇದಕ್ಕ ಗೊತ್ತಾಗೈತಿ!" ಎಂದು ಅದರ ಕಾಲಿಗೆ ಅಡ್ಡಬಿದ್ದಳು. ಉಳಿದವರೂ ಬಿದ್ದರು. ಆಮೇಲೆ ಎಲ್ಲರ ಕಣ್ಣೂ ನನ್ನ ತಟ್ಟೆಯ ಕಡೆ ತಿರುಗಿತು. "ನಾಯಿಗೇನೋ ಗೊತ್ತಿತ್ತು, ಉಂಡಿತು. ನಿನಗೇನು ಗೊತ್ತಿತ್ತು ತಮ್ಮಾ? ಮಗಳು ನೋವು ತಿನ್ನೂವಾಗ ನೀನು ರೊಟ್ಟಿ ತಿನ್ನಾಕ ಕುಂತೀಯಲ್ಲೋ!" ಒಬ್ಬಳು ನನಗೆ ಕೇಳಿಸುವಂತೆಯೇ, "ಫೋನ್ ಬಂದ್ರೂ ರೊಟ್ಟಿ ಬಿಡ್ಲಿಲ್ಲ ಬಿಡವ್ವ" ಎಂದಳು.

ಸಂಜೆಯ ಹೊತ್ತಿಗೆ ಸುದ್ದಿ ನಿಲ್ದಾಣಕ್ಕೆ, ಅಲ್ಲಿಂದ ಕೊಟ್ಟೂರಿಗೆ, ಮರುದಿನ ಹಡಗಲಿಗೆ ತಲುಪಿತ್ತು. ಮುದಕಪ್ಪ ಎರಡು ದಿನದಲ್ಲಿ ಎದ್ದು ಓಡಾಡತೊಡಗಿತು. ಶಾಂತಾ ಕೆಲವು ದಿನ ಕಳೆದು ಊರಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಾಯಿಯ ತಲೆ ಸವರಿ, "ನೀನು ಉಪಾಸ ಇದ್ದದ್ದಕ್ಕ ನಮ್ಮ ರೇಣಿ ಉಳಿದ್ಲಪಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಉಂಡ್ರಂತಲ್ಲ?" ಎಂದು ಕೇಳಿದಳು.

ನಾನು ನನ್ನ ವಾದವನ್ನು ದಿನಗಟ್ಟಲೆ ಸಿದ್ಧಪಡಿಸಿಕೊಂಡಿದ್ದೆ. ಡಾಕ್ಟರ ಮಾತು, ಗುಳಿಗೆ, ಗಂಟಲು, ಎಲ್ಲವೂ ಕ್ರಮವಾಗಿ ಇದ್ದವು. ಸಾಕ್ಷಿಗೆ ಡಾಕ್ಟರನ್ನೇ ಕರೆಸಬಹುದಿತ್ತು. ಆದರೆ ಆ ವಾದದೊಳಗೆ ಹರಪನಹಳ್ಳಿ ಬಸ್ಸೂ ಇತ್ತು. ನಾನು ಮೊದಲ ತುತ್ತು ನುಂಗಿದ್ದು ಆ ಬಸ್ಸಿನ ಹೊತ್ತಿಗೆ, ಕೂಸು ಹುಟ್ಟುವುದಕ್ಕೆ ಸಾಕಷ್ಟು ಮೊದಲು, ಮಗಳು ಇನ್ನೂ ಒದ್ದಾಡುತ್ತಿದ್ದಾಗ. ಅದು ನನಗೊಬ್ಬನಿಗೇ ಗೊತ್ತು. ನಾಯಿ ಉಂಡದ್ದು ನಾನು ಉಂಡದ್ದರಿಂದ ಎಂದು ಒಪ್ಪಿಸಿದರೆ, ಹರಕೆ ಮುರಿದದ್ದು ಯಾವಾಗ ಎಂದು ಶಾಂತಾ ಲೆಕ್ಕ ಹಾಕದೆ ಬಿಡುವವಳಲ್ಲ. ಆಮೇಲೆ ಆ ಕೂಸು ಒಂದು ಸಲ ಕೆಮ್ಮಿದರೂ, ಒಂದು ದಿನ ಹಾಲು ಕುಡಿಯದಿದ್ದರೂ ಅವಳು ನಿದ್ದೆ ಮಾಡುವುದಿಲ್ಲ. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಿರಾಳವಾದ ಕಳೆ ಬಂದಿತ್ತು. ಅದನ್ನು ನೋಡಿದೆ.

"ಹೂಂ ಮಾರಾಯ್ತಿ. ಹಸಿವು ತಡಿಲಿಲ್ಲ" ಎಂದೆ.

"ಇಷ್ಟು ದಿನ ತಡ್ಕೊಂಡು ಕೊನಿ ಗಳಿಗಿಗಿ ಹಿಂಗ ಮಾಡೋದಾ?" ಎಂದು ಅವಳು ತಲೆ ಚಚ್ಚಿಕೊಂಡಳು. "ಪುಣ್ಯಕ್ಕ ನಾಯಿ ಇತ್ತು."

ಹಡಗಲಿಯಲ್ಲಿ ಹೆಸರಿಡುವ ದಿನ ಬೀಗರು ಮುದಕಪ್ಪನಿಗೆಂದು ಒಂದು ಹೊಸ ಕಂಬಳಿ ತಂದಿಟ್ಟಿದ್ದರು. ಅದನ್ನು ನನ್ನ ತೊಡೆಯ ಮೇಲೆ ಹಾಕಿ ಊರಿಗೆ ಒಯ್ದು ಕೊಡಲು ಹೇಳಿದರು. ಊಟಕ್ಕೆ ದೊಡ್ಡ ಪಂಕ್ತಿ ಕೂತಿತ್ತು. ಹೋಳಿಗೆಯ ಬುಟ್ಟಿ ಆ ತುದಿಯಿಂದ ಹೊರಟಿತ್ತು. ಬೀಗರು ಪಂಕ್ತಿಯ ನಡುವೆ ನಿಂತು ಕೈ ಎತ್ತಿ, "ಏ, ಮೊದ್ಲ ನಮ್ಮ ಕೂಡ್ಲಿಗಿ ಬೀಗರಿಗೆ ಹಾಕ್ರಪಾ! ಅವ್ರಿಗೆ ತಡ್ಕಳಾಕ ಆಗಂಗಿಲ್ಲ!" ಎಂದು ಕೂಗಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ರೇಣುಕಾ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಮೊದಲನೆಯದು ಹೋದಂದಿನಿಂದ ಆ ಹುಡುಗಿ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಬಡಿಸುವವನು ಯಾರಿಗೂ ಹಾಕುವ ಮೊದಲು ನನ್ನ ಎಲೆಗೆ ಹೋಳಿಗೆ ಹಾಕಿದ. "ಇನ್ನೊಂದು ಹಾಕಪಾ" ಎಂದೆ. ನಗು ಇನ್ನೂ ಜೋರಾಯಿತು. ಅದು ಇನ್ನೊಂದಿಷ್ಟು ಹೊತ್ತು ಹಾಗೇ ಇರಲಿ ಎಂದು ಮೂರನೆಯದನ್ನೂ ಹಾಕಿಸಿಕೊಂಡೆ. ನಿಜ ಹೇಳುತ್ತೇನೆ, ಹಸಿವೂ ಇತ್ತು.